ಅಡುಗೆ ಒಂದೇ, ಅಪಾಯ ಬೇರೆ

ಪುತ್ತೂರಿನಿಂದ ಕಾಣಿಯೂರಿಗೆ ಹೋಗುವ ದಾರಿಯಲ್ಲಿ ಸಿಗುವ ನರಿಮೊಗರಿನ ಆಸುಪಾಸಿನಲ್ಲಿ ಊಟವೆಂದರೆ ಕುಚ್ಚಲಕ್ಕಿ ಅನ್ನ, ಕಾಯಿ ಅರೆದ ಪದಾರ್ಥ, ಉಪ್ಪಿನಕಾಯಿ. ಮೀನು ತಿನ್ನುವವರಿಗೆ ಬಂಗುಡೆ, ಬೂತಾಯಿ. ಅಪ್ಪನಿಗೂ ಅಮ್ಮನಿಗೂ ಅಡುಗೆ ಒಂದೇ. ಆದರೆ ಹೃದಯಾಘಾತದ ಅಪಾಯ ಇಬ್ಬರಿಗೂ ಒಂದೇ ವಯಸ್ಸಿನಲ್ಲಿ ಬರುವುದಿಲ್ಲ.

ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಓದಿದ ಡಾ. ಸಲೀಂ ಯೂಸುಫ್ ಅವರ ನೇತೃತ್ವದಲ್ಲಿ 52 ದೇಶಗಳಲ್ಲಿ ನಡೆದ 'ಇಂಟರ್‌ಹಾರ್ಟ್' ಅಧ್ಯಯನ 2004ರಲ್ಲಿ ಪ್ರಕಟವಾಯಿತು. ಮಹಿಳೆಯರಿಗೆ ಮೊದಲ ಹೃದಯಾಘಾತ ಪುರುಷರಿಗಿಂತ ಸುಮಾರು 9 ವರ್ಷ ತಡವಾಗಿ ಆಗುತ್ತದೆ ಎಂದು ಅದು ತಿಳಿಸಿತು. ದಿನವೂ ಹಣ್ಣು, ತರಕಾರಿ ತಿನ್ನುವುದು ಇಬ್ಬರಿಗೂ ರಕ್ಷಣೆ ಎಂಬುದೂ ಅದರಲ್ಲಿ ಕಂಡುಬಂತು.

ಈ ತಡಕ್ಕೆ ಒಂದು ಕಾರಣ ಈಸ್ಟ್ರೊಜೆನ್ ಎಂಬ ಹಾರ್ಮೋನು. ಮುಟ್ಟು ನಿಂತ ಮೇಲೆ ಅದು ಕಡಿಮೆಯಾಗಿ, ರಕ್ತದಲ್ಲಿ ಕೆಟ್ಟ ಕೊಲೆಸ್ಟ್ರಾಲ್ ಏರತೊಡಗುತ್ತದೆ. ಸಕ್ಕರೆ ಕಾಯಿಲೆಯಿದ್ದರೆ ಈ ರಕ್ಷಣೆ ಮೊದಲೇ ಕುಂದುತ್ತದೆ. ಆದ್ದರಿಂದ ಹೃದ್ರೋಗ ಗಂಡಸರ ಕಾಯಿಲೆ ಎಂಬ ಮಾತು ಅರ್ಧ ಸತ್ಯ ಮಾತ್ರ.

ಅಡುಗೆ ಒಂದೇ ಆದರೂ ಬಟ್ಟಲಿಗೆ ಬೀಳುವುದು ಒಂದೇ ಅಲ್ಲ. ಗಂಡಸರಿಗೆ ಪೇಟೆಯ ಹೋಟೆಲಿನ ಗೋಳಿಬಜೆ, ಪರೋಟದ ಸೆಳೆತ. ಅನೇಕ ಮನೆಗಳಲ್ಲಿ ಕೊನೆಗೆ ಉಣ್ಣುವ ಅಮ್ಮನಿಗೆ ಪಲ್ಯ ಮುಗಿದು, ಉಳಿಯುವುದು ಅನ್ನ ಮತ್ತು ಉಪ್ಪಿನಕಾಯಿ. ಅನ್ನವೇ ಹೆಚ್ಚಾದರೆ ರಕ್ತದ ಸಕ್ಕರೆ, ಉಪ್ಪು ಹೆಚ್ಚಾದರೆ ರಕ್ತದೊತ್ತಡ ಏರುತ್ತದೆ. ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು, ಅಂದರೆ ಒಂದು ಟೀ ಚಮಚಕ್ಕಿಂತ ಕಡಿಮೆ, ಸಾಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ.

ತೆಂಗಿನೆಣ್ಣೆಯ ಕೊಬ್ಬಿನಲ್ಲಿ ಶೇ. 90ರಷ್ಟು ಸ್ಯಾಚುರೇಟೆಡ್ ಬಗೆಯದು; ಅದು ಕೆಟ್ಟ ಕೊಲೆಸ್ಟ್ರಾಲನ್ನು ಏರಿಸುತ್ತದೆ. ತೆಂಗನ್ನು ಬಿಡಬೇಕೆಂದೇನೂ ಇಲ್ಲ, ಕರಿಯುವುದನ್ನು ಕಡಿಮೆ ಮಾಡಿದರೆ ಆಯಿತು. ಹಿತ್ತಿಲಿನ ಹರಿವೆ, ಬಸಳೆ, ಅಲಸಂಡೆ, ಹೆಸರುಕಾಳು ಬಟ್ಟಲು ತುಂಬಲಿ. ಬೂತಾಯಿ, ಬಂಗುಡೆಯಲ್ಲಿ ಹೃದಯಕ್ಕೆ ಒಳ್ಳೆಯದಾದ ಒಮೇಗಾ-3 ಇದೆ. ಹುರಿಯುವ ಬದಲು ಸಾರು ಮಾಡುವುದು ಲೇಸು.

ಎದೆನೋವು ಇಬ್ಬರಿಗೂ ಸಾಮಾನ್ಯ ಲಕ್ಷಣ. ಹೆಂಗಸರಲ್ಲಿ ಅದರ ಜೊತೆಗೆ ಉಬ್ಬಸ, ವಾಕರಿಕೆ, ವಿಪರೀತ ಸುಸ್ತು, ಬೆನ್ನು ಅಥವಾ ದವಡೆಯ ನೋವು ಹೆಚ್ಚಾಗಿ ಕಾಣಿಸಿಕೊಳ್ಳುತ್ತದೆ. ಅದನ್ನು ಗ್ಯಾಸ್ಟ್ರಿಕ್ ಎಂದುಕೊಂಡು ಕಷಾಯ ಕುಡಿದು ಮಲಗಿದರೆ ಅಮೂಲ್ಯ ಸಮಯ ಕಳೆದುಹೋಗುತ್ತದೆ. ಕೂಡಲೇ ಆಸ್ಪತ್ರೆಗೆ ಕರೆದೊಯ್ಯಬೇಕು.

ಮಕ್ಕಳು ಮಾಡಬಹುದಾದ ಕೆಲಸ ಒಂದಿದೆ. ಪಲ್ಯದ ಪಾತ್ರೆ ಖಾಲಿ ಮಾಡುವ ಮೊದಲು ಅಮ್ಮನ ಪಾಲು ತೆಗೆದಿಡಿ; ಸಾಧ್ಯವಾದರೆ ಅವರನ್ನೂ ಜೊತೆಗೇ ಊಟಕ್ಕೆ ಕೂರಿಸಿ.