ನವದುರ್ಗಗಳೂ ಗಡಿಯಾರವೂ

ಬೆಂಗಳೂರಿನ ಸುತ್ತಣ ಒಂಬತ್ತು ಗಿರಿದುರ್ಗಗಳನ್ನು ಇಪ್ಪತ್ತನಾಲ್ಕು ಗಂಟೆಗಳೊಳಗೆ ಹತ್ತಿ ಇಳಿದು ದಾಖಲೆ ಸ್ಥಾಪಿಸಬೇಕೆಂದು ನಮ್ಮ ಕಾಲೇಜಿನ ಕೆಲವು ಮಿತ್ರರು ಸಂಕಲ್ಪ ಮಾಡಿದ್ದಾರೆ. ಕ್ಯಾಂಟೀನಿನಲ್ಲಿ ಈ ವಿಷಯವಾಗಿ ನಡೆದಿರುವಷ್ಟು ಚರ್ಚೆ ಪರೀಕ್ಷೆಯ ವಿಷಯವಾಗಿಯೂ ನಡೆದಿಲ್ಲ. ಅಧ್ಯಾಪಕರಲ್ಲಿ ಕೆಲವರು ಇದನ್ನು ಹುಚ್ಚೆಂದು ತಳ್ಳಿಹಾಕಿದ್ದಾರೆ. ಮತ್ತೆ ಕೆಲವರು ತರುಣರಲ್ಲವೆ, ಮಾಡಲಿ ಎಂದು ಬೆನ್ನು ತಟ್ಟಿದ್ದಾರೆ. ನನಗೆ ಈ ಎರಡು ಮಾತೂ ಸರಿಕಾಣುವುದಿಲ್ಲ. ದಾಖಲೆಯ ಆಸೆ ತಪ್ಪಲ್ಲ. ಆದರೆ ಯಾವುದರ ದಾಖಲೆ ಎಂಬುದನ್ನು ಮೊದಲು ನಿಶ್ಚಯಿಸಬೇಡವೆ?

ಸಾವನದುರ್ಗ, ಹುತ್ರಿದುರ್ಗ, ಹುಲಿಯೂರುದುರ್ಗ, ಭೈರವದುರ್ಗ, ಕಬ್ಬಾಳದುರ್ಗ, ದೇವರಾಯನದುರ್ಗ, ಚನ್ನರಾಯನದುರ್ಗ, ಮಾಕಳಿದುರ್ಗ, ನಂದಿದುರ್ಗ — ಇವೇ ಚಾರಣಿಗರ ಬಾಯಲ್ಲಿ ನವದುರ್ಗಗಳೆನಿಸಿಕೊಂಡಿರುವ ಬೆಟ್ಟಗಳು. ರಾಜಾಜಿನಗರ, ವಿಜಯನಗರ, ಬಸವೇಶ್ವರನಗರಗಳಿಂದ ಬರುವ ನಮಗೆ ಮಾಗಡಿ ರಸ್ತೆಯೆಂದರೆ ಮನೆಯ ಮುಂದಿನ ಬೀದಿ. ಅದನ್ನೇ ಹಿಡಿದು ಹೋದರೆ ಸಾವನದುರ್ಗ. ಆದರೆ ಕನಕಪುರದ ಕಡೆಯ ಕಬ್ಬಾಳದುರ್ಗದಿಂದ ತುಮಕೂರು ಸೀಮೆಯ ಚನ್ನರಾಯನದುರ್ಗಕ್ಕೂ, ಅಲ್ಲಿಂದ ನಂದಿಗೂ ಸುತ್ತಿ ಮನೆ ಸೇರುವುದೆಂದರೆ ರಸ್ತೆಯ ದಾರಿಯೇ ಮುನ್ನೂರು ಕಿಲೋಮೀಟರಿಗೆ ಕಡಿಮೆಯಾಗದು. ಒಂದು ದಿನದಲ್ಲಿ ಇದನ್ನು ಮುಗಿಸುವವನು ಬಹುಪಾಲು ಹೊತ್ತನ್ನು ಮೋಟಾರು ಸೈಕಲ್ಲಿನ ಮೇಲೆಯೇ ಕಳೆಯಬೇಕು. ನಂದಿಗೂ ದೇವರಾಯನದುರ್ಗಕ್ಕೂ ವಾಹನವೇ ಮೇಲಿನವರೆಗೆ ಹತ್ತುತ್ತದೆ. ಹಾಗಾದರೆ ಗೆದ್ದದ್ದು ಕಾಲೋ, ಪೆಟ್ರೋಲೋ? ರಾತ್ರಿ ನಿದ್ದೆಗೆಟ್ಟು ಹೆದ್ದಾರಿಯಲ್ಲಿ ಲಾರಿಗಳ ಸಂದಿಯಲ್ಲಿ ನುಗ್ಗುವುದನ್ನು ಪರ್ವತಾರೋಹಣವೆಂದು ಕರೆಯಲು ನನಗೆ ಮನಸ್ಸು ಬಾರದು.

ಹಾಗೆ ನೋಡಿದರೆ ಈ ದುರ್ಗಗಳ ವೇಗದ ದಾಖಲೆ ಮೊದಲೇ ಒಂದಿದೆ. ೧೭೯೧ರಲ್ಲಿ ಕಾರ್ನ್‌ವಾಲಿಸನ ಸೈನ್ಯವು ಅಕ್ಟೋಬರ್ ೧೯ರಂದು ನಂದಿದುರ್ಗವನ್ನೂ, ಡಿಸೆಂಬರ್ ೨೧ರಂದು ಸಾವನದುರ್ಗವನ್ನೂ, ಮೂರೇ ದಿನಗಳ ತರುವಾಯ ಹುತ್ರಿದುರ್ಗವನ್ನೂ ಹಿಡಿಯಿತು. ಅವರಿಗೆ ಫಿರಂಗಿಗಳ ಸಹಾಯವಿತ್ತೆನ್ನಿ, ನಮ್ಮವರಿಗೆ ಅದಿಲ್ಲ.

ಪರದೇಶಗಳಲ್ಲಿ ಈ ಶಿಖರಸರಣಿಯ ಓಟ ಹೇಗೆ ಬೆಳೆಯಿತೆಂಬುದನ್ನು ಸ್ವಲ್ಪ ನೋಡಬೇಕು. ಇಂಗ್ಲೆಂಡಿನ ಸರೋವರ ಸೀಮೆಯಲ್ಲಿ ಕೆಸ್ವಿಕ್ ಎಂಬ ಊರಿನಲ್ಲಿ ವಸತಿಗೃಹ ನಡೆಸುತ್ತಿದ್ದ ಬಾಬ್ ಗ್ರಹಾಂ ಎಂಬಾತ ೧೯೩೨ರ ಜೂನ್‌ನಲ್ಲಿ ೪೨ ಶಿಖರಗಳನ್ನು ೨೪ ಗಂಟೆಗಳೊಳಗೆ ಸುತ್ತಿಬಂದ. ಊರಿನಿಂದ ಹೊರಟು ಊರಿಗೇ ಮರಳುವ ಕಾಲ್ನಡಿಗೆಯದು. ಮುಂದೆ ೧೯೬೦ರವರೆಗೆ, ಎಂದರೆ ೨೮ ವರ್ಷ, ಮತ್ತೊಬ್ಬನಿಂದ ಅದು ಸಾಧ್ಯವಾಗಲಿಲ್ಲ. ಆತನ ಹೆಸರಿನ ಸಂಘವೊಂದು ಇಂದಿಗೂ ಇದೆ. ಪ್ರತಿ ಶಿಖರದಲ್ಲಿಯೂ ಜೊತೆಗಾರನೊಬ್ಬ ಸಾಕ್ಷಿಯಿದ್ದ ಹೊರತು ಅದು ಯಾರನ್ನೂ ಸದಸ್ಯರೆಂದು ಸೇರಿಸಿಕೊಳ್ಳುವುದಿಲ್ಲ. ೨೦೨೪ರಲ್ಲಿ ಕಿಲಿಯನ್ ಜೋರ್ನೆ ಆಲ್ಪ್ಸ್ ಪರ್ವತಗಳ ನಾಲ್ಕು ಸಾವಿರ ಮೀಟರ್ ಮೀರಿದ ೮೨ ಶಿಖರಗಳನ್ನು ೧೯ ದಿನಗಳಲ್ಲಿ ಮುಗಿಸಿದ. ಒಂದು ಬೆಟ್ಟದಿಂದ ಮತ್ತೊಂದಕ್ಕೆ ಆತ ಹೋದದ್ದು ಸೈಕಲ್ಲಿನಲ್ಲಿ ಇಲ್ಲವೆ ಕಾಲ್ನಡಿಗೆಯಲ್ಲಿ. ಇಂಥ ದಾಖಲೆಗೆ ನಾನು ತಲೆಬಾಗುತ್ತೇನೆ.

ಹಿಮಾಲಯದ ಕಥೆ ಬೇರೆ. ಎಂಟು ಸಾವಿರ ಮೀಟರ್ ಮೀರಿದ ಹದಿನಾಲ್ಕು ಶಿಖರಗಳಿಗೆ ಮೆಸ್ನರನಿಗೆ ೧೯೭೦ರಿಂದ ೧೯೮೬ರವರೆಗೆ ಹದಿನಾರು ವರ್ಷ ಹಿಡಿಯಿತು. ೨೦೧೯ರಲ್ಲಿ ನಿರ್ಮಲ್ ಪುರ್ಜಾ ಅದನ್ನು ಆರು ತಿಂಗಳು ಆರು ದಿನಗಳಿಗೆ ಇಳಿಸಿದ. ೨೦೨೩ರಲ್ಲಿ ನಾರ್ವೆಯ ಕ್ರಿಸ್ಟಿನ್ ಹರಿಲಾ ೯೨ ದಿನಗಳಿಗೆ ಇಳಿಸಿದಳು. ನಡುನಡುವೆ ಹೆಲಿಕಾಪ್ಟರು, ಮೇಲೆ ಆಮ್ಲಜನಕದ ಕೊಳವೆ. ಆಕೆಯೊಡನೆ ಹದಿನಾಲ್ಕನ್ನೂ ಹತ್ತಿದ ತೆಂಜೆನ್ ಲಾಮಾ ಶೆರ್ಪಾ ಅದೇ ಅಕ್ಟೋಬರಿನಲ್ಲಿ ಶಿಶಾಪಾಂಗ್ಮಾದ ಹಿಮಪಾತಕ್ಕೆ ಸಿಕ್ಕಿ ತೀರಿಕೊಂಡ. ಮತ್ತೊಬ್ಬರನ್ನು ಹತ್ತಿಸುವ ಕೆಲಸದಲ್ಲಿ ಆತನಿದ್ದ. ದಾಖಲೆ ಇಬ್ಬರದೂ ಹೌದು. ನಮ್ಮಲ್ಲಿ ಎಷ್ಟು ಮಂದಿಗೆ ಆ ಎರಡನೆಯ ಹೆಸರು ಗೊತ್ತು?

ಇನ್ನು ನಮ್ಮ ಬೆಟ್ಟಗಳ ಗುಣ. ಸಾವನದುರ್ಗ ಸಮುದ್ರಮಟ್ಟದಿಂದ ೧೨೨೬ ಮೀಟರ್, ಎತ್ತರ ಹೆಚ್ಚಲ್ಲ. ಆದರೆ ಅದು ಕಾಡಿನ ನಡುವೆ ಎದ್ದುನಿಂತ ಬೋಳು ಬಂಡೆ. ಕರಿಗುಡ್ಡವನ್ನು ಹತ್ತುವಾಗ ಮುಖ ಬಂಡೆಯ ಕಡೆಗಿರುತ್ತದೆ, ಕೈಯೂರಬಹುದು, ದಣಿವೇ ನಮ್ಮನ್ನು ನಿಧಾನಗೊಳಿಸುತ್ತದೆ. ಇಳಿಯುವಾಗ ಇದೆಲ್ಲ ತಿರುಗುಮುರುಗು. ಮೊಣಕಾಲು ನಡುಗುತ್ತದೆ, ದೇಹ ತಾನಾಗಿ ಮುಂದಕ್ಕೆ ವಾಲುತ್ತದೆ, ಒಂದು ತುಂತುರು ಬಿದ್ದರೆ ಪಾಚಿ ಹಿಡಿದ ಕಲ್ಲು ಸಾಬೂನಿನಂತಾಗುತ್ತದೆ. ದಾರಿ ತಪ್ಪಿ ಹತ್ತು ಮಾರು ಪಕ್ಕಕ್ಕೆ ಸರಿದರೆ ಇಳಿಜಾರು ಕಡಿದಾಗುತ್ತ ಹೋಗುತ್ತದೆ. ಹಿಡಿಯಲು ಒಂದು ಗಿಡವೂ ಸಿಕ್ಕದು. ಆದ್ದರಿಂದ ಇಳಿಯುವವನ ಕೈಗೆ ಗಡಿಯಾರ ಕಟ್ಟುವುದು ಕ್ರೌರ್ಯವೇ ಸರಿ. ಕತ್ತಲಲ್ಲಂತೂ ಕೇಳುವುದೇ ಬೇಡ. ಅದೂ ಅಲ್ಲದೆ ನಂದಿಯ ಬಾಗಿಲು ರಾತ್ರಿ ಮುಚ್ಚಿರುತ್ತದೆ. ೨೦೨೪ರ ಜನವರಿಯ ಕೊನೆಯಲ್ಲಿ ಕುಮಾರಪರ್ವತದ ದಾರಿಯಲ್ಲಿ ಜನಜಾತ್ರೆಯೇ ನೆರೆದ ಮೇಲೆ ಅರಣ್ಯ ಇಲಾಖೆಯು ಚಾರಣದ ನಿಯಮಗಳನ್ನು ಬಿಗಿಮಾಡಿತೆಂಬುದನ್ನೂ ಮಿತ್ರರು ನೆನಪಿಡಬೇಕು.

ಮತ್ತೊಂದು ಆಕ್ಷೇಪಣೆಯುಂಟು, ನನಗೆ ಇದೇ ದೊಡ್ಡದು. ಈ ಇಪ್ಪತ್ತನಾಲ್ಕು ಗಂಟೆಗಳ ಯೋಜನೆಯಲ್ಲಿ ಯಾರಿಗೆ ಸ್ಥಳವಿದೆ? ಸ್ವಂತ ಮೋಟಾರು ಸೈಕಲ್ಲಿದ್ದು, ರಾತ್ರಿಯೆಲ್ಲ ಹೊರಗಿದ್ದರೂ ಮನೆಯಲ್ಲಿ ಕೇಳುವವರಿಲ್ಲದ ಐದಾರು ಮಂದಿಗೆ. ನಮ್ಮ ತರಗತಿಯ ಅರ್ಧಕ್ಕಿಂತ ಹೆಚ್ಚು ಮಂದಿ ಹೆಣ್ಣುಮಕ್ಕಳು, ನಾನೂ ಅವರಲ್ಲೊಬ್ಬಳು. ದೀಪ ಹಚ್ಚುವ ಹೊತ್ತಿಗೆ ನಾವು ಮನೆ ಸೇರದಿದ್ದರೆ ಮರುದಿನ ಕಾಲೇಜೇ ಕಷ್ಟ. ಸಂಜೆ ಅಂಗಡಿಯಲ್ಲೋ ಕಾರ್ಖಾನೆಯಲ್ಲೋ ದುಡಿದು ಓದುವ ಹುಡುಗರ ಪಾಡೂ ಅಷ್ಟೆ. ಸರ್ಕಾರಿ ಕಾಲೇಜಿನ ಹೆಸರಿನಲ್ಲಿ ಆಗುವ ದಾಖಲೆ ಇವರನ್ನೆಲ್ಲ ಹೊರಗಿಟ್ಟು ಆಗಬಾರದು.

ಆದುದರಿಂದ ನನ್ನ ಸೂಚನೆ ಹೀಗಿದೆ. ಒಂಬತ್ತು ಬೆಟ್ಟಗಳನ್ನು ಒಂಬತ್ತು ಭಾನುವಾರಗಳಲ್ಲಿ ಹತ್ತೋಣ. ಬುಡದಿಂದ ತುದಿಯವರೆಗಿನ ಹೊತ್ತನ್ನು ಮಾತ್ರ ಬರೆದುಕೊಂಡು ಒಂಬತ್ತನ್ನೂ ಕೂಡೋಣ; ತುದಿ ಮುಟ್ಟಿದೊಡನೆ ಗಡಿಯಾರ ನಿಲ್ಲಲಿ, ಇಳಿಯುವುದು ಲೆಕ್ಕಕ್ಕಿಲ್ಲ. ನಂದಿಯನ್ನು ಮೆಟ್ಟಿಲ ದಾರಿಯಿಂದಲೇ ಹತ್ತಬೇಕು. ಒಬ್ಬೊಬ್ಬರೇ ಹೋಗಕೂಡದು, ಗ್ರಹಾಮನ ಸಂಘದವರಂತೆ ಸಾಕ್ಷಿಯೊಬ್ಬರಿರಲಿ. ಮಳೆಗಾಲದಲ್ಲಿ ಬೇಡ, ಅನುಮತಿಯಿಲ್ಲದೆಯೂ ಬೇಡ. ಮಾಗಡಿಯವರೆಗೆ ಬಸ್ಸುಗಳಿವೆ, ಮಾಕಳಿದುರ್ಗಕ್ಕೆ ರೈಲು ನಿಲ್ದಾಣವೇ ಇದೆ. ೨೦೨೩ರ ಜೂನ್‌ನಿಂದ ಸರ್ಕಾರಿ ಬಸ್ಸಿನಲ್ಲಿ ನಮಗೆ ಟಿಕೆಟ್ಟಿನ ಖರ್ಚೂ ಇಲ್ಲ. ವೇಗವಾಗಿ ಹತ್ತಬಲ್ಲವರು ವೇಗವಾಗಿ ಹತ್ತಲಿ, ಅವರ ಹೆಸರು ಮೊದಲು ಬರಲಿ. ನನ್ನ ಹೆಸರು ಕೊನೆಗೆ ಬಂದರೂ ಪಟ್ಟಿಯಲ್ಲಿರುತ್ತದೆ.

ಬೆಟ್ಟದ ಬುಡದ ಹಳ್ಳಿಗಳ ಹುಡುಗರು ದನ ಮೇಯಿಸುತ್ತ ಈ ಬಂಡೆಗಳನ್ನು ನಮ್ಮ ಅರ್ಧ ಹೊತ್ತಿನಲ್ಲಿ ಹತ್ತಬಲ್ಲರೆಂದು ನನಗೆ ಅನುಮಾನವಿದೆ. ಅವರನ್ನೂ ಕರೆದು ಹತ್ತಿಸಿ ಸಮಯ ಬರೆದುಕೊಳ್ಳಬೇಕು. ಆ ಮೇಲೆ ಕ್ಯಾಂಟೀನಿನ ಚರ್ಚೆ ಹೇಗಾಗುತ್ತದೆಯೋ ನೋಡೋಣ. ಸಮಯ ಬರೆಯಲು ಇನ್ನೂರು ಪುಟದ ನೋಟುಪುಸ್ತಕವೊಂದನ್ನು ನಾನೇ ಕೊಡುತ್ತೇನೆ. ಸಾವನದುರ್ಗದಿಂದ ಆರಂಭಿಸುವುದು ಒಳ್ಳೆಯದು, ಮಳೆ ನಿಂತ ಮೇಲೆ, ಡಿಸೆಂಬರಿನ ಮೊದಲ ಭಾನುವಾರ.