ನಲವತ್ತು ಅಂಕದ ಹೆಂಡತಿ

ನಮ್ಮಕ್ಕನ ಮಗಳು ನರ್ಸ್. ಒಂಬತ್ತು ವರ್ಷ ರಾತ್ರಿ ಪಾಳಿ, ಹಗಲು ಪಾಳಿ ಎಂದು ದುಡಿದವಳು. ಅಳಿಯಂದಿರು ಕೆನಡಾಕ್ಕೆ ಅರ್ಜಿ ಹಾಕಿ ಎರಡು ವರ್ಷ ಕಾದರು, ಕರೆ ಬರಲಿಲ್ಲ. "ನೀನು ಇಂಗ್ಲಿಷ್ ಪರೀಕ್ಷೆ ಬರೆದೆಯೇನೇ?" ಎಂದೆ. "ನನ್ನ ಪರೀಕ್ಷೆಗೆ ಯಾಕೆ ದುಡ್ಡು ದಂಡ ಅಂದ್ರು ಇವರು, ಚಿಕ್ಕಮ್ಮಾ" ಎಂದಳು. ಅದನ್ನು ಸಹಜವೆಂಬಂತೆ ಹೇಳಿದಳಲ್ಲ, ಅದಕ್ಕೇ ನನಗೆ ಸಿಟ್ಟು ಬಂದದ್ದು.

ಅಲ್ಲಿನ ಪದ್ಧತಿ ಸ್ವಲ್ಪ ಕೇಳಿ. ಕೆನಡಾದ ಪ್ರಾಂತ್ಯ ಸರ್ಕಾರಗಳು ತಮಗೆ ಬೇಕಾದವರ ಹೆಸರನ್ನು ಕೇಂದ್ರಕ್ಕೆ ಸೂಚಿಸುತ್ತವೆ. ಎಕ್ಸ್‌ಪ್ರೆಸ್ ಎಂಟ್ರಿ ಎಂಬ ಪಟ್ಟಿಯಲ್ಲಿ ಒಟ್ಟು 1200 ಅಂಕ. ಪ್ರಾಂತ್ಯ ಹೆಸರು ಸೂಚಿಸಿದರೆ ಒಂದೇ ಏಟಿಗೆ 600. ಪ್ರಾಂತ್ಯ ತೂಗಿ ನೋಡುವುದು ಮುಖ್ಯ ಅರ್ಜಿದಾರರನ್ನು. ಜೊತೆಗೆ ಹೋಗುವ ಹೆಂಡತಿಗೋ ಗಂಡನಿಗೋ ಓದಿಗೆ ಹೆಚ್ಚೆಂದರೆ 10, ಭಾಷೆಗೆ 20, ಕೆನಡಾದಲ್ಲೇ ದುಡಿದಿದ್ದರೆ 10. ಒಟ್ಟು 40. ಇಲ್ಲಿ ಒಂಬತ್ತು ವರ್ಷ ರೋಗಿಗಳ ನಾಡಿ ಹಿಡಿದದ್ದಕ್ಕೆ? ಸೊನ್ನೆ.

ಕೆನಡಾದವರನ್ನು ಬೈಯಬೇಡಿ. ಮುಖ್ಯ ಅರ್ಜಿದಾರ ಗಂಡನೇ ಆಗಬೇಕೆಂದು ಅವರು ಎಲ್ಲೂ ಬರೆದಿಲ್ಲ. ಇಬ್ಬರಲ್ಲಿ ಯಾರಾದರೂ ಆಗಬಹುದು. 2023ರಿಂದ ಆರೋಗ್ಯ ಸೇವೆಯವರನ್ನು ಪ್ರತ್ಯೇಕವಾಗಿಯೂ ಕರೆಯುತ್ತಿದ್ದಾರೆ. ಫಾರಂ ಕೇಳದ ಗಂಡಸುತನವನ್ನು ತುಂಬಿದವರು ನಾವು, ಮದುವೆಯ ಕರೆಯೋಲೆಯಲ್ಲಿ ಹೆಸರು ಬರೆದಷ್ಟೇ ಸಲೀಸಾಗಿ.

ಇದು ಬರೀ ಮಾನದ ಪ್ರಶ್ನೆಯಲ್ಲ. ಮೂವತ್ತು ತುಂಬಿದರೆ ವಯಸ್ಸಿನ ಅಂಕ ಇಳಿಯತೊಡಗುತ್ತದೆ, ನಲವತ್ತೈದಕ್ಕೆ ಸೊನ್ನೆ. ಪ್ರಾಂತ್ಯಗಳ ಮೂಲಕ ಬರುವವರ ಗುರಿಯನ್ನು 2025ಕ್ಕೆ 55,000ಕ್ಕೆ ಇಳಿಸಿದರು. ಹಿಂದಿನ ವರ್ಷದ ಅರ್ಧ. ಬಾಗಿಲು ಹೀಗೆ ಯಾವಾಗ ಬೇಕಾದರೂ ಕಿರಿದಾಗಬಹುದು ಎನ್ನುವಾಗ ಹೆಂಡತಿಯ ಹೆಸರಲ್ಲೊಮ್ಮೆ ಲೆಕ್ಕ ಹಾಕದಿರುವುದು ಅಹಂಕಾರವಷ್ಟೇ ಅಲ್ಲ, ದಡ್ಡತನ. ಇನ್ನೊಂದು: ಅಲ್ಲಿ ನರ್ಸ್, ಟೀಚರ್ ಕೆಲಸಕ್ಕೆ ಲೈಸೆನ್ಸ್ ಕೊಡುವುದು ಆಯಾ ಪ್ರಾಂತ್ಯದಲ್ಲೇ. ಗಂಡನಿಗೆ ಒಗ್ಗಿದ ಪ್ರಾಂತ್ಯದಲ್ಲಿ ಇವಳ ಲೈಸೆನ್ಸಿನ ಗತಿಯೇನೆಂದು ಎಷ್ಟು ಮನೆಗಳಲ್ಲಿ ವಿಚಾರಿಸುತ್ತಾರೆ? ಹೋಗಿ ಮುಟ್ಟಿದ ಮೇಲೆ, ಓದಿದ ಹುಡುಗಿ ಅಂಗಡಿಯಲ್ಲಿ ಡಬ್ಬ ಜೋಡಿಸುತ್ತಾ ನಿಲ್ಲಬೇಕಾದೀತು.

ಆದ್ದರಿಂದ, ಮಗಳ ಮನೆಯಲ್ಲಿ ಇಂಥ ಮಾತು ಎದ್ದರೆ, "ಯಾರ ಹೆಸರಲ್ಲಿ?" ಎಂದು ನೀವೇ ಮೊದಲು ಕೇಳಿ. ಇಬ್ಬರೂ ಪರೀಕ್ಷೆ ಬರೆಯಲಿ, ಎರಡೂ ಲೆಕ್ಕ ಎದುರಿಗಿರಲಿ.

ನಮ್ಮ ಹುಡುಗಿ ಕೊನೆಗೂ ಪರೀಕ್ಷೆ ಬರೆದಳು. ಅವಳ ಹೆಸರಿನ ಲೆಕ್ಕವೇ ಮುಂದೆ ಬಂತು. "ಜೊತೆಗೆ ಬರುವವರು" ಎಂಬ ಕಾಲಮಿಗೆ ಇಳಿಯಲು ಅಳಿಯಂದಿರು ಎರಡು ವಾರ ಯೋಚಿಸಿದರು. ಇವಳು ಅದೇ ಕಾಲಮಿನಲ್ಲಿ ಎರಡು ವರ್ಷ ತುಟಿಪಿಟಕ್ಕೆನ್ನದೆ ಕೂತಿದ್ದಳು.