ಎರೆಹುಳು ಕಲಿಸಿದ ಪಾಠ

‘ಅಮ್ಮಾ, ಬೋರು!’ ಬೇಸಿಗೆ ರಜೆ ಬಂದು ನಾಲ್ಕು ದಿನ ಕಳೆಯುವಷ್ಟರಲ್ಲಿ ಮನೆಮನೆಯಲ್ಲೂ ಕೇಳಿಬರುವ ಮಾತಿದು. ಕ್ರಿಕೆಟ್ ಬ್ಯಾಟು ಮೂಲೆ ಸೇರಿದೆ, ಚಿತ್ರಕಲೆಯ ತರಗತಿ ಎರಡೇ ದಿನಕ್ಕೆ ಸಾಕಾಗಿದೆ, ಮೊಬೈಲಿನ ಆಟವೂ ಹಳತಾಗಿದೆ. ಹೆತ್ತವರು ಮತ್ತೊಂದು ಹೊಸತನ್ನು ಹುಡುಕಿ ತರುತ್ತಾರೆ. ವಾರದೊಳಗೆ ಅದರದೂ ಅದೇ ಗತಿ.

ಹೊಸತನ್ನು ಕಾಣುವುದರಲ್ಲೇ ಸಂತೋಷವಿದ್ದರೆ ಚಾರ್ಲ್ಸ್ ಡಾರ್ವಿನ್ ಜೀವನವಿಡೀ ಊರೂರು ಸುತ್ತುತ್ತಿರಬೇಕಿತ್ತು. 1831ರಲ್ಲಿ, 22ರ ಹರೆಯದಲ್ಲಿ ‘ಬೀಗಲ್’ ಹಡಗು ಹತ್ತಿದ ಆತ ಸುಮಾರು ಐದು ವರ್ಷ ಭೂಮಿಯನ್ನು ಸುತ್ತಿದ. ಬ್ರೆಜಿಲಿನ ಮಳೆಕಾಡು, ಆಂಡಿಸ್ ಪರ್ವತ, ಗ್ಯಾಲಪಗಾಸ್ ದ್ವೀಪಗಳ ದೈತ್ಯ ಆಮೆಗಳು – ಕಂಡದ್ದೆಲ್ಲ ವಿಸ್ಮಯವೇ. ಆದರೆ 1836ರಲ್ಲಿ ಹಿಂದಿರುಗಿದ ಮೇಲೆ ಆತ ಮತ್ತೆಂದೂ ಬ್ರಿಟನ್ನಿನ ಆಚೆ ಕಾಲಿಡಲಿಲ್ಲ. 1842ರಲ್ಲಿ ಲಂಡನ್ನಿಗೆ ಸಮೀಪದ ಡೌನ್ ಎಂಬ ಹಳ್ಳಿಯಲ್ಲಿ ನೆಲೆಸಿ, ಸಾಯುವವರೆಗೆ ಸುಮಾರು 40 ವರ್ಷ ಅಲ್ಲೇ ಬಾಳಿದ. ಆಗಾಗ ಕಾಡುವ ಕಾಯಿಲೆ ಬೇರೆ. ಅದೇ ಮನೆ, ಅದೇ ತೋಟ, ಅದೇ ಕಾಲುದಾರಿಯಲ್ಲಿ ದಿನವೂ ಅದೇ ನಡಿಗೆ.

ಅಲ್ಲಿ ಆತನ ಮನಸ್ಸನ್ನು ಹಿಡಿದಿಟ್ಟ ಸಂಗತಿಗಳಲ್ಲಿ ಒಂದು, ಕಾಲಡಿಯ ಎರೆಹುಳು!

ಎರೆಹುಳುಗಳು ಮಣ್ಣನ್ನು ನುಂಗಿ, ಹಿಕ್ಕೆಯಾಗಿ ನೆಲದ ಮೇಲೆ ತಂದು ಹಾಕುತ್ತವೆ. ಹೀಗೆ ಮೇಲೆ ಬೀಳುವ ಮಣ್ಣು ಎಷ್ಟು? ಇದನ್ನು ತಿಳಿಯಲು ಡಾರ್ವಿನ್ 1842ರ ಡಿಸೆಂಬರಿನಲ್ಲಿ ಮನೆಯ ಹತ್ತಿರದ ಹುಲ್ಲುಗಾವಲಿನ ಒಂದು ಭಾಗದಲ್ಲಿ ಬಿಳಿ ಸುಣ್ಣಕಲ್ಲಿನ ಚೂರುಗಳನ್ನು ಹರಡಿಸಿದ. ಅಲ್ಲಿ ಅಗೆಸಿ ನೋಡಿದ್ದು ಯಾವಾಗ ಗೊತ್ತೇ? 1871ರ ನವೆಂಬರಿನಲ್ಲಿ, 29 ವರ್ಷಗಳ ನಂತರ! ಚೂರುಗಳ ಬಿಳಿ ಸಾಲು 7 ಅಂಗುಲ ಆಳಕ್ಕೆ ಇಳಿದಿತ್ತು. ಮಕ್ಕಳು ‘ಕಲ್ಲಿನ ಹೊಲ’ ಎಂದು ಕರೆಯುತ್ತಿದ್ದ ಇನ್ನೊಂದು ಹೊಲದಲ್ಲಿ ಕಲ್ಲುಗಳೆಲ್ಲ 30 ವರ್ಷಗಳಲ್ಲಿ ಮಣ್ಣಿನಡಿ ಮುಚ್ಚಿಹೋಗಿದ್ದವು.

ಮನೆಯೊಳಗೂ ಕುಂಡಗಳಲ್ಲಿ ಎರೆಹುಳುಗಳಿದ್ದವು. ಹತ್ತಿರ ನಿಂತು ಕೂಗಿದರೂ, ಸೀಟಿ ಊದಿದರೂ, ಪಿಯಾನೋ ನುಡಿಸಿದರೂ ಅವು ಮಿಸುಕಾಡಲಿಲ್ಲ. ಕುಂಡವನ್ನು ಪಿಯಾನೋ ಮೇಲೆಯೇ ಇಟ್ಟು ಒಂದು ಸ್ವರ ಒತ್ತಿದಾಗ ಮಾತ್ರ ಸರಕ್ಕನೆ ಬಿಲ ಸೇರಿದವು. ಸದ್ದು ಕೇಳಿಸದಿದ್ದರೂ ಕಂಪನ ಅವುಗಳ ಮೈಗೆ ತಾಗುತ್ತದೆ! ಈ ಬಗೆಯ ಸಂಗತಿಗಳನ್ನೆಲ್ಲ ಸೇರಿಸಿ ಡಾರ್ವಿನ್ ಪುಸ್ತಕ ಪ್ರಕಟಿಸಿದ್ದು 1881ರಲ್ಲಿ, ಸಾವಿಗೆ ಕೆಲವೇ ತಿಂಗಳು ಮೊದಲು. ಅದರ ಸಾವಿರಾರು ಪ್ರತಿಗಳು ಬೇಗನೆ ಮಾರಾಟವಾದವು.

ಹಾಗೆಂದು ಆತನಿಗೆ ಬೇಸರವೇ ಗೊತ್ತಿರಲಿಲ್ಲ ಎಂದಲ್ಲ. ಎಡಿನ್‌ಬರೋದ ವೈದ್ಯಕೀಯ ಪಾಠಗಳು ಸಹಿಸಲಾರದಷ್ಟು ನೀರಸವೆನಿಸಿ ಓದನ್ನು ಅರ್ಧಕ್ಕೇ ಬಿಟ್ಟವನು ಇದೇ ಡಾರ್ವಿನ್. ಆ ಪಾಠಗಳಲ್ಲಿ ಆತನದೇ ಆದ ಪ್ರಶ್ನೆ ಇರಲಿಲ್ಲ. ಎರೆಹುಳುವಿನಲ್ಲಿ ಇತ್ತು. ತನ್ನದೇ ಪ್ರಶ್ನೆಯೊಂದು ಮನಸ್ಸಿಗೆ ಹತ್ತಿದರೆ ಹಳೆಯ ಹಿತ್ತಲೂ ದಿನಕ್ಕೊಂದು ಹೊಸತನ್ನು ತೋರುತ್ತದೆ. ಆಗ ಸಿಗುವ ತೃಪ್ತಿಯನ್ನು ಯಾವ ಅಂಗಡಿಯಿಂದಲೂ ತರಲಾಗದು.

ಮಗು ‘ಬೋರು’ ಎಂದೊಡನೆ ಹೆತ್ತವರು ಗಾಬರಿಯಾಗಬೇಕಿಲ್ಲ. ಇನ್ನೊಂದು ಆಟಿಕೆ ಕೊಡಿಸುವ ಮೊದಲು ಒಂದು ಸಂಜೆ ಅದನ್ನು ಅದರ ಪಾಡಿಗೆ ಬಿಟ್ಟು ನೋಡಲಿ. ಗೋಡೆಯ ಮೇಲಿನ ಇರುವೆಸಾಲು ಎಲ್ಲಿಗೆ ಹೋಗುತ್ತದೆ ಎಂದು ಅದು ಬಂದು ಕೇಳಿದರೆ, ಉತ್ತರ ಹೇಳಿ ಮುಗಿಸದೆ, ಜೊತೆಗೆ ಹೋಗಿ ಕುಕ್ಕರಗಾಲಿನಲ್ಲಿ ಕುಳಿತು ನೋಡಲಿ.